ಪಸಡೀನಾ, 1989: ಒಂದೇ ವಾಲ್ವ್ ನಂಬಿ ಬಿಚ್ಚಿದ ಪೈಪು

ಅಮೆರಿಕದ ಟೆಕ್ಸಸ್ ರಾಜ್ಯದ ಪಸಡೀನಾ ಇರುವುದು ಹ್ಯೂಸ್ಟನ್ ಹಡಗು ಕಾಲುವೆಯ ಪಕ್ಕದಲ್ಲಿ. ಕಾಲುವೆ ಉದ್ದಕ್ಕೂ ತೈಲ ಶುದ್ಧೀಕರಣ ಘಟಕಗಳು, ಕೆಮಿಕಲ್ ಕಾರ್ಖಾನೆಗಳು. ಅಲ್ಲಿ ಫಿಲಿಪ್ಸ್ 66 ಕಂಪನಿಯ ದೊಡ್ಡದೊಂದು ಕಾರ್ಖಾನೆ ಇತ್ತು. 1989ರ ಅಕ್ಟೋಬರ್ 23, ಸೋಮವಾರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಅದು ಸ್ಫೋಟಿಸಿತು. 23 ಮಂದಿ ಸತ್ತರು, 314 ಮಂದಿಗೆ ಗಾಯಗಳಾದವು. ಸ್ಫೋಟದ ಹೊತ್ತಿಗೆ ಅಲ್ಲಿ ಹೊಸ ಪ್ರಯೋಗ ಏನೂ ನಡೆಯುತ್ತಿರಲಿಲ್ಲ. ಕಟ್ಟಿಕೊಂಡ ಪೈಪು ಬಿಡಿಸುತ್ತಿದ್ದರು, ಅಷ್ಟೆ.

ಮೇಂಟೆನೆನ್ಸ್ ಕೆಲಸ ಮಾಡುವವರು, ಮಾಡಿಸುವವರು ಈ ಪ್ರಕರಣವನ್ನು ಒಮ್ಮೆಯಾದರೂ ಬಿಡಿಸಿ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ಅರ್ಥವಾಗದ ರಸಾಯನಶಾಸ್ತ್ರ ಇಲ್ಲ. ವಾಲ್ವ್, ಗಾಳಿ ಹೋಸ್, ಬೀಗ ಮತ್ತು ಒಂದು ಕಾಗದ, ಇಷ್ಟೇ ಇರುವುದು.

ಕೆಲಸ ಏನಿತ್ತು

ಆ ಕಾರ್ಖಾನೆ ತಯಾರಿಸುತ್ತಿದ್ದದ್ದು ಎಚ್‌ಡಿಪಿಇ. ನಮ್ಮ ಮನೆಯ ಪ್ಲಾಸ್ಟಿಕ್ ಕ್ಯಾನು, ಡ್ರಮ್ಮು, ತೋಟದ ಕಪ್ಪು ಪೈಪು ಎಲ್ಲ ಇದೇ ಪ್ಲಾಸ್ಟಿಕ್. ವರ್ಷಕ್ಕೆ ಸುಮಾರು 150 ಕೋಟಿ ಪೌಂಡ್, ಅಂದರೆ ಆರೂಮುಕ್ಕಾಲು ಲಕ್ಷ ಟನ್ನಿನಷ್ಟು ತಯಾರಿಸುವ ಜಾಗ ಅದು.

ರಿಯಾಕ್ಟರ್ ಎಂದರೆ ದೊಡ್ಡ ತೊಟ್ಟಿ ಎಂದುಕೊಳ್ಳಬೇಡಿ. ಮೇಲಕ್ಕೆ ಕೆಳಕ್ಕೆ ಸುತ್ತಿ ಬರುವ ದಪ್ಪ ಪೈಪಿನ ಉಂಗುರ ಅದು. ಅದರೊಳಗೆ ದ್ರವರೂಪದ ಐಸೋಬ್ಯುಟೇನ್ ಸುತ್ತುತ್ತಾ ಇರುತ್ತದೆ. ಅದಕ್ಕೆ ಎಥಿಲೀನ್, ಸ್ವಲ್ಪ ಹೆಕ್ಸೀನ್, ಹೈಡ್ರೋಜನ್ ಮತ್ತು ವೇಗವರ್ಧಕ ಸೇರಿಸುತ್ತಾರೆ. ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು 40 ಪಟ್ಟು. ಎಥಿಲೀನ್ ಜೋಡಿಕೊಂಡು ಪ್ಲಾಸ್ಟಿಕ್ ಕಾಳುಗಳಾಗುತ್ತದೆ. ಕಾಳು ಭಾರವಾದ್ದರಿಂದ ಕೆಳಗೆ ಜೋತುಬಿದ್ದ ಪೈಪುಗಳೊಳಗೆ ಇಳಿಯುತ್ತದೆ. ಇವುಗಳಿಗೆ 'ಸೆಟ್ಲಿಂಗ್ ಲೆಗ್' ಎಂದು ಹೆಸರು. ನಾವು ಕಾಲು ಎನ್ನೋಣ. ಆರನೇ ನಂಬರಿನ ರಿಯಾಕ್ಟರಿಗೆ ಇಂಥ ಆರು ಕಾಲುಗಳಿದ್ದವು.

ಒಮ್ಮೊಮ್ಮೆ ಕಾಳು ಕೆಳಗಿಳಿಯದೆ ಅಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತಿತ್ತು. ಆಗ ಆ ಕಾಲನ್ನು ಬಿಚ್ಚಿ ಗಟ್ಟೆ ತೆಗೆಯಬೇಕು. ಇದಕ್ಕಾಗಿ ರಿಯಾಕ್ಟರ್ ನಿಲ್ಲಿಸುತ್ತಿರಲಿಲ್ಲ. ಪ್ರತಿ ಕಾಲಿನ ನೆತ್ತಿಯಲ್ಲಿ, ರಿಯಾಕ್ಟರಿಗೆ ಸೇರುವಲ್ಲಿ, ಒಂದು ಬಾಲ್ ವಾಲ್ವ್ ಇತ್ತು. ಡೆಮ್ಕೋ ಎನ್ನುವ ಕಂಪನಿಯದು. ಅದನ್ನು ಮುಚ್ಚಿದರೆ ರಿಯಾಕ್ಟರ್ ಆ ಕಡೆ, ಕಾಲು ಈ ಕಡೆ. ನಟ್ಟು-ಬೋಲ್ಟು ಬಿಚ್ಚಿ ಕಾಲನ್ನು ಇಳಿಸಬಹುದು. ಮೇಲುಗಡೆ 40 ಪಟ್ಟು ಒತ್ತಡದಲ್ಲಿ ಉರಿಯುವ ದ್ರವ ಸುತ್ತುತ್ತಲೇ ಇರುತ್ತದೆ, ಕೆಳಗೆ ಜನ ಕೆಲಸ ಮಾಡುತ್ತಿರುತ್ತಾರೆ. ನಡುವೆ ಇರುವುದು ಆ ಒಂದು ವಾಲ್ವ್.

ವಾಲ್ವನ್ನು ಕೈಯಿಂದ ತಿರುಗಿಸುವುದಲ್ಲ, ಗಾಳಿಯ ಒತ್ತಡದಿಂದ ತಿರುಗಿಸುವುದು. ಹಾಗೆ ತಿರುಗಿಸುವ ಸಾಧನಕ್ಕೆ ಆಕ್ಚುಯೇಟರ್ ಎಂದು ಹೆಸರು. ಅದಕ್ಕೆ ಎರಡು ಹೋಸ್. ಒಂದರಲ್ಲಿ ಗಾಳಿ ಬಂದರೆ ವಾಲ್ವ್ ತೆರೆಯುತ್ತದೆ, ಇನ್ನೊಂದರಲ್ಲಿ ಬಂದರೆ ಮುಚ್ಚುತ್ತದೆ. ಪದ್ಧತಿ ಹೀಗಿತ್ತು: ಕಂಪನಿಯ ಆಪರೇಟರ್ ವಾಲ್ವ್ ಮುಚ್ಚಿ, ಎರಡೂ ಗಾಳಿ ಹೋಸ್ ಬಿಚ್ಚಿ, ಕಾಲನ್ನು ಮೇಂಟೆನೆನ್ಸ್‌ನವರಿಗೆ ಒಪ್ಪಿಸಬೇಕು. ಗಟ್ಟೆ ತೆಗೆಯುವವರು ಕಂಪನಿಯವರಲ್ಲ, ಕಾಂಟ್ರ್ಯಾಕ್ಟ್ ಕೆಲಸದವರು.

ಎರಡು ದಿನ

ಅಕ್ಟೋಬರ್ 22ರ ಭಾನುವಾರ ಕೆಲಸ ಶುರುವಾಯಿತು. ಆರರಲ್ಲಿ ಮೂರು ಕಾಲು ಕಟ್ಟಿಕೊಂಡಿದ್ದವು. ಒಂದನೇ ಕಾಲನ್ನು ಬಿಚ್ಚಿ ಗಟ್ಟೆ ತೆಗೆದರು. ಏನೂ ತೊಂದರೆ ಆಗಲಿಲ್ಲ.

ಸೋಮವಾರದ ಸರದಿ ನಾಲ್ಕನೇ ಕಾಲಿನದು. ಮಧ್ಯಾಹ್ನದ ಊಟ ಮುಗಿಸಿ ಬಂದು ಮತ್ತೆ ಕೈಹಾಕಿದರು. ಗಟ್ಟೆಯ ಒಂದು ಭಾಗ ಹೊರಗೆ ಬಂತು, ಉಳಿದದ್ದು ವಾಲ್ವ್‌ನಿಂದ ಒಂದು-ಒಂದೂವರೆ ಅಡಿ ಕೆಳಗೆ ಸಿಕ್ಕಿಕೊಂಡಿತ್ತು. ತಂಡದ ಒಬ್ಬರು ಆಪರೇಟರ್ ಸಹಾಯ ಕೇಳಲು ಕಂಟ್ರೋಲ್ ರೂಮಿಗೆ ಹೋದರು. ಅದಾದ ಸ್ವಲ್ಪ ಹೊತ್ತಿಗೆ ಬಿಚ್ಚಿದ್ದ ಕಾಲಿನ ಬಾಯಿಂದ ರಿಯಾಕ್ಟರಿನ ಒಡಲೆಲ್ಲ ಹೊರಗೆ ಚಿಮ್ಮಿತು. 85,000 ಪೌಂಡಿಗೂ ಜಾಸ್ತಿ, ಅಂದರೆ ಸುಮಾರು 38 ಟನ್. ರಿಯಾಕ್ಟರ್ ಖಾಲಿಯಾಗಲು ಕೆಲವೇ ಸೆಕೆಂಡು ಸಾಕಾಯಿತು.

ಆ ಆವಿ ಗಾಳಿ ಬೀಸಿದ ಕಡೆಗೆ ಹರಿಯಿತು. ಕಿಡಿಗೆ ಬರ ಇರಲಿಲ್ಲ. ತೆರೆದ ಬೆಂಕಿ ಇದ್ದ ಘಟಕ, ವೆಲ್ಡಿಂಗ್, ಕಟ್ಟಡದ ಹತ್ತಿರ ನಿಲ್ಲಿಸಿದ್ದ ವಾಹನಗಳು, ಕಂಟ್ರೋಲ್ ರೂಮಿನ ವಿದ್ಯುತ್ ಸಾಮಾನು ಎಲ್ಲ ಹತ್ತಿರದಲ್ಲೇ ಇದ್ದವು. ಒಂದೂವರೆಯಿಂದ ಎರಡು ನಿಮಿಷದೊಳಗೆ ಹೊತ್ತಿಕೊಂಡಿತು. ಅನಿಲ ಸೋರಿದರೆ ಎಚ್ಚರಿಸುವ ಡಿಟೆಕ್ಟರ್ ವ್ಯವಸ್ಥೆ ಅಲ್ಲಿ ಇರಲಿಲ್ಲ. ಆ ಎರಡು ನಿಮಿಷದಲ್ಲಿ ಕಣ್ಣಾರೆ ಕಂಡವರು ಓಡಿದರು, ಗೋಡೆಯ ಒಳಗಿದ್ದವರಿಗೆ ಗೊತ್ತೇ ಆಗಲಿಲ್ಲ. ಸತ್ತವರು ಹೆಚ್ಚುಕಡಿಮೆ ಎಲ್ಲರೂ ಸೋರಿದ ಜಾಗದಿಂದ 250 ಅಡಿಯೊಳಗೆ ಇದ್ದವರು. ಕಂಟ್ರೋಲ್ ರೂಮನ್ನು ರಿಯಾಕ್ಟರಿಗೆ ಅಷ್ಟು ಹತ್ತಿರ ಕಟ್ಟಿದ್ದರು. ಕಾಲು ಗಂಟೆಯೊಳಗೆ ಐಸೋಬ್ಯುಟೇನ್ ಟ್ಯಾಂಕುಗಳು ಸಿಡಿದವು. ಆಮೇಲೆ ಇನ್ನೊಂದು ರಿಯಾಕ್ಟರ್ ಒಡೆಯಿತು.

ಬೆಂಕಿ ಆರಿಸುವ ನೀರಿನ ಕಥೆಯೂ ಹೀಗೇ. ಅದಕ್ಕೆಂದೇ ಬೇರೆ ಪೈಪ್‌ಲೈನ್ ಇರಲಿಲ್ಲ. ಕಾರ್ಖಾನೆಯ ಬಳಕೆಯ ನೀರಿನ ಲೈನೇ ಬೆಂಕಿಗೂ ಲೈನು. ಸ್ಫೋಟಕ್ಕೆ ಹೈಡ್ರಂಟುಗಳು ಮುರಿದು ನೀರೆಲ್ಲ ಪೋಲಾಯಿತು. ಕೇಬಲ್ ಸುಟ್ಟು ಕರೆಂಟಿನ ಪಂಪುಗಳು ನಿಂತವು. ತುರ್ತಿಗೆಂದು ಮೂರು ಡೀಸೆಲ್ ಪಂಪ್ ಇದ್ದವು. ಒಂದು ಮೊದಲೇ ಕೆಟ್ಟು ನಿಂತಿತ್ತು. ಇನ್ನೊಂದು ಒಂದು ಗಂಟೆಯೊಳಗೆ ಡೀಸೆಲ್ ಖಾಲಿಯಾಗಿ ನಿಂತಿತು. ಕಡೆಗೆ ಕೂಲಿಂಗ್ ಟವರು, ಕೊಳಗಳಿಂದ ಹೋಸ್ ಎಳೆದು ನೀರು ತಂದರು. ಬೆಂಕಿ ಹತೋಟಿಗೆ ಬರಲು ಸುಮಾರು 10 ಗಂಟೆ ಹಿಡಿಯಿತು.

ವಾಲ್ವ್ ತೆರೆದದ್ದು ಹೇಗೆ

ತನಿಖೆ ಮಾಡಿದ್ದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ. ದೇಶದ ಅಧ್ಯಕ್ಷರಿಗೇ ವರದಿ ಸಲ್ಲಿಸಿತು. ಅವಶೇಷಗಳಲ್ಲಿ ನಾಲ್ಕನೇ ಕಾಲಿನ ವಾಲ್ವ್ ಸಿಕ್ಕಿತು. ಅದು ತೆರೆದಿತ್ತು. ಬಿಚ್ಚಿರಬೇಕಾಗಿದ್ದ ಗಾಳಿ ಹೋಸ್‌ಗಳು ಜೋಡಿಸಿದ್ದವು. ಅದೂ ಅದಲು ಬದಲಾಗಿ. 'ಮುಚ್ಚು' ಎಂದು ಕೊಟ್ಟ ಗಾಳಿಯೇ ವಾಲ್ವನ್ನು ತೆರೆಯುವಂತೆ.

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹೋಸ್ ಜೋಡಿಸಿದ್ದು ಯಾರು? ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಉಪಯೋಗದ ಪ್ರಶ್ನೆ ಇದು. ಅದನ್ನು ಬಿಟ್ಟು ಆ ಕೈಯ ಮುಂದೆ ಏನೇನು ಇತ್ತು ಎಂದು ನೋಡಿ.

ಎರಡೂ ಹೋಸ್‌ಗಳ ಕನೆಕ್ಟರ್ ಒಂದೇ ಥರ. ತೆರೆಯುವುದು, ಮುಚ್ಚುವುದು ಯಾವುದಕ್ಕೆ ಬೇಕಾದರೂ ಯಾವುದನ್ನಾದರೂ ಸಿಕ್ಕಿಸಬಹುದು. ಒಂದನ್ನು ಅರ್ಧ ಇಂಚು, ಇನ್ನೊಂದನ್ನು ಕಾಲು ಇಂಚು ಮಾಡಿದ್ದರೆ ಈ ತಪ್ಪು ಬೇಕೆಂದರೂ ಮಾಡಲು ಆಗುತ್ತಿರಲಿಲ್ಲ. ನಮ್ಮ ಪೀಣ್ಯದ ಯಾವುದಾದರೂ ವರ್ಕ್‌ಶಾಪಿನಲ್ಲಿ ಗಾಳಿಯ ಸಿಲಿಂಡರ್ ನೋಡಿ. ಎರಡೂ ಕಡೆ ಅದೇ ನೀಲಿ ಟ್ಯೂಬು, ಅದೇ ಪುಶ್ ಫಿಟ್ಟಿಂಗು. ಬಿಚ್ಚಿ ಹಾಕುವಾಗ ಯಾರೋ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿಕೊಂಡಿರುತ್ತಾರೆ, ಎಣ್ಣೆ ತಾಗಿ ಅದು ಅಳಿಸಿಹೋಗಿರುತ್ತದೆ. ಅಲ್ಲಿ ಅದಲು ಬದಲಾದರೆ ಒಂದು ಜಾಬ್ ಹಾಳಾಗಬಹುದು, ಬೆರಳು ಹೋಗಬಹುದು. ಪಸಡೀನಾದಲ್ಲಿ ಆ ಟ್ಯೂಬಿನ ಇನ್ನೊಂದು ತುದಿಯಲ್ಲಿ 38 ಟನ್ ಉರಿಯುವ ದ್ರವ ಇತ್ತು.

ಹೋಸಿಗೆ ಗಾಳಿ ಕೊಡುವ ಸಣ್ಣ ವಾಲ್ವ್‌ಗಳು ತೆರೆದೇ ಇದ್ದವು. ಆದ್ದರಿಂದ ಹೋಸ್ ಸಿಕ್ಕಿಸಿದರೆ ಗಾಳಿ ಹರಿಯಲು ಮತ್ತೇನೂ ಮಾಡಬೇಕಾಗಿರಲಿಲ್ಲ. ಮೇಂಟೆನೆನ್ಸ್ ಹೊತ್ತಿನಲ್ಲಿ ಹೋಸ್ ಜೋಡಿಸಲೇಬಾರದು ಎಂದು ಪದ್ಧತಿಯಲ್ಲಿ ಬರೆದಿತ್ತು ನಿಜ. ಆದರೆ ಜೋಡಿಸದಂತೆ ತಡೆಯುವ ವಸ್ತು ಒಂದೂ ಇರಲಿಲ್ಲ.

ಆಕ್ಚುಯೇಟರಿಗೆ ಹಾಕಬೇಕಾದ ಲಾಕ್ ಸ್ಥಳದಲ್ಲಿ ಇರಲಿಲ್ಲ. ಇದ್ದಿದ್ದರೂ ಒಂದು ವಿಚಿತ್ರ ಇತ್ತು. ಆ ವಾಲ್ವನ್ನು ಮುಚ್ಚಿದ ಸ್ಥಿತಿಯಲ್ಲಿ ಹೇಗೋ, ತೆರೆದ ಸ್ಥಿತಿಯಲ್ಲೂ ಹಾಗೇ ಲಾಕ್ ಮಾಡಬಹುದಿತ್ತು. ದೂರದಿಂದ ಲಾಕ್ ಕಂಡರೆ 'ಮುಚ್ಚಿದೆ' ಎಂದು ತಿಳಿಯುವ ಹಾಗಿಲ್ಲ. ಬೀಗ ಬಿದ್ದಿದೆ ಎಂದರೆ ಸುರಕ್ಷಿತ ಎಂದು ಅರ್ಥವಾಗಬೇಕು. ಹಾಗಾಗದಿದ್ದರೆ ಆ ಬೀಗದಿಂದ ಅಪಾಯವೇ ಜಾಸ್ತಿ.

ಇನ್ನೊಂದು ಮಾತು. ಎಲ್ಲರ ಗಮನ ರಿಯಾಕ್ಟರಿನ ಒತ್ತಡದ ಮೇಲಿತ್ತು, ಇರಬೇಕಾದದ್ದೇ. ಆದರೆ ಆ ದಿನ ಕಟ್ಟು ಬಿಚ್ಚಿದ ಶಕ್ತಿ ಅದಲ್ಲ. ಗಾಳಿಯ ಲೈನಿನ ಸಣ್ಣ ಒತ್ತಡ. ಕಾರ್ಖಾನೆಗಳಲ್ಲಿ ಗಾಳಿಯನ್ನು ಅಪಾಯ ಎಂದು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಬಟ್ಟೆಯ ಧೂಳು ಹೊಡೆದುಕೊಳ್ಳಲೂ ಅದನ್ನೇ ಬಳಸುತ್ತಾರೆ. ಶಕ್ತಿಯನ್ನು ಕಟ್ಟಿಹಾಕುವ ಪಟ್ಟಿ ಮಾಡುವಾಗ ದೊಡ್ಡ ಶಕ್ತಿಯನ್ನು ಎಲ್ಲರೂ ಬರೆಯುತ್ತಾರೆ. ಆ ದೊಡ್ಡದಕ್ಕೆ ಬಾಗಿಲು ತೆಗೆಯುವ ಸಣ್ಣ ಶಕ್ತಿಯ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು.

ಕಾಗದದ ಮೇಲಿನ ತಪ್ಪು

ಇಷ್ಟೆಲ್ಲ ಹೇಳಿದರೂ ಮುಖ್ಯ ವಿಷಯ ಇನ್ನೂ ಬಾಕಿ ಇದೆ. ಹೋಸ್ ಅದಲು ಬದಲಾದರೂ, ಲಾಕ್ ಇಲ್ಲದಿದ್ದರೂ, ಆ ದಿನ ಯಾರೂ ಸಾಯಬೇಕಾಗಿರಲಿಲ್ಲ. ಉರಿಯುವ ವಸ್ತುವಿನ ಲೈನ್ ಬಿಚ್ಚುವಾಗ ಒಂದೇ ವಾಲ್ವ್ ನಂಬಬಾರದು ಎನ್ನುವುದು ಈ ಉದ್ಯಮದ ಹಳೆಯ ಪಾಠ. ಎರಡು ವಾಲ್ವ್ ಮುಚ್ಚಬೇಕು. ಇಲ್ಲವೇ ಫ್ಲ್ಯಾಂಜಿನ, ಅಂದರೆ ಪೈಪುಗಳನ್ನು ಬೋಲ್ಟ್ ಹಾಕಿ ಸೇರಿಸುವ ಅಂಚುಗಳ, ನಡುವೆ ಗಟ್ಟಿ ಉಕ್ಕಿನ ಬಿಲ್ಲೆ ಕೂರಿಸಬೇಕು. ನಮ್ಮ ಫಿಟ್ಟರ್‌ಗಳು ಇದಕ್ಕೆ ಬ್ಲೈಂಡ್ ಎನ್ನುತ್ತಾರೆ. ವಾಲ್ವ್ ಸೋರಬಹುದು, ತಿರುಗಬಹುದು, ಸೀಟ್ ಸವೆದಿರಬಹುದು. ಬ್ಲೈಂಡನ್ನು ಮಾತ್ರ ಯಾವ ಗಾಳಿಯೂ ತೆರೆಯಲಾರದು.

ಫಿಲಿಪ್ಸ್ ಕಂಪನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಕಂಪನಿಯ ಮೇಲ್ಮಟ್ಟದ ಸುರಕ್ಷತಾ ನಿಯಮದಲ್ಲಿ ಎರಡು ವಾಲ್ವ್ ಅಥವಾ ಬ್ಲೈಂಡ್ ಕಡ್ಡಾಯ ಎಂದೇ ಇತ್ತು. ಆದರೆ ಪಸಡೀನಾ ಕಾರ್ಖಾನೆ ಈ ಒಂದು ಕೆಲಸಕ್ಕೆ ತನ್ನದೇ ವಿಶೇಷ ಪದ್ಧತಿ ಬರೆದುಕೊಂಡಿತ್ತು. ಅದರಲ್ಲಿ ಎರಡನೇ ತಡೆ ಇರಲಿಲ್ಲ. ಹಾಗಾಗಿ ಎರಡನೇ ತಡೆ ಇಲ್ಲದೆ ಕಾಲು ಬಿಚ್ಚಿದ ತಂಡ ಆ ವಿಷಯದಲ್ಲಿ ಯಾವ ನಿಯಮವನ್ನೂ ಮುರಿಯುತ್ತಿರಲಿಲ್ಲ. ಸ್ಥಳದ ಪದ್ಧತಿಯ ಪ್ರಕಾರ ಸರಿಯಾದ ಕೆಲಸವೇ ಅದು.

ಹೀಗೆ ಯಾಕೆ ಬರೆದುಕೊಂಡರು? ನನ್ನ ಊಹೆ ಹೇಳುತ್ತೇನೆ, ಊಹೆ ಎಂದೇ ತೆಗೆದುಕೊಳ್ಳಿ. ಕಾಲು ಮತ್ತು ರಿಯಾಕ್ಟರ್ ನಡುವೆ ಇದ್ದದ್ದು ಒಂದೇ ವಾಲ್ವ್. ಬ್ಲೈಂಡ್ ಕೂರಿಸಬೇಕೆಂದರೂ ಮೊದಲು ಫ್ಲ್ಯಾಂಜ್ ಬಿಚ್ಚಬೇಕು, ಅಷ್ಟು ಹೊತ್ತು ಅದೇ ವಾಲ್ವ್ ನಂಬಬೇಕು. ನಿಯಮ ಪಾಲಿಸಲು ರಿಯಾಕ್ಟರ್ ನಿಲ್ಲಿಸಿ ಖಾಲಿ ಮಾಡಬೇಕಿತ್ತು, ಇಲ್ಲವೇ ಎರಡನೇ ವಾಲ್ವ್ ಹಾಕಿಸಬೇಕಿತ್ತು. ಕಟ್ಟಿಕೊಳ್ಳುವುದೋ ಮಾಮೂಲು. ಪ್ರತಿ ಸಲ ನಿಲ್ಲಿಸಿದರೆ ಉತ್ಪಾದನೆ ಏನಾಗಬೇಕು? ಇಂಥ ಕಡೆ ಮೊದಲು 'ಈ ಸಲ ಮಾತ್ರ' ಎಂದು ಶುರುವಾಗುತ್ತದೆ. ಏನೂ ಆಗುವುದಿಲ್ಲ. ಆಮೇಲೆ ಅದನ್ನೇ ಟೈಪ್ ಮಾಡಿ, ಸಹಿ ಹಾಕಿ ಫೈಲಿಗೆ ಸೇರಿಸುತ್ತಾರೆ. ಅಡ್ಡದಾರಿಗೆ ನಂಬರ್ ಸಿಕ್ಕಿದ ಮೇಲೆ ಅದನ್ನು ಅಡ್ಡದಾರಿ ಎಂದು ಗುರುತಿಸುವವರು ಯಾರು?

ಗುರುತಿಸಿದವರೂ ಇದ್ದರು. ಕಂಪನಿಯ ಸ್ವಂತ ಸುರಕ್ಷತಾ ಸಿಬ್ಬಂದಿ ಮೊದಲೇ ಅಪಾಯಗಳನ್ನು ತೋರಿಸಿ ಸರಿಪಡಿಸಲು ಹೇಳಿದ್ದರು, ಅದಕ್ಕೆ ಬೆಲೆ ಕೊಡಲಿಲ್ಲ ಎಂದು ಓಷಾ ದಾಖಲೆ ಸಮೇತ ತೋರಿಸಿತು.

ಬೀಗ ಯಾರ ಜೇಬಿನಲ್ಲಿ

ಈ ಪ್ರಕರಣದ ಒಂದು ದಿನಾಂಕ ನೋಡಿದರೆ ಹೊಟ್ಟೆ ಉರಿಯುತ್ತದೆ. ಯಂತ್ರ ರಿಪೇರಿ ಮಾಡುವಾಗ ಅದರ ಶಕ್ತಿಯ ಮೂಲಗಳನ್ನೆಲ್ಲ ಕಟ್ಟಿ, ಬೀಗ ಹಾಕಿ, ಚೀಟಿ ತೂಗುಹಾಕಬೇಕು ಎನ್ನುವ ಅಮೆರಿಕದ ನಿಯಮ, ಇವತ್ತು ಎಲ್ಲರೂ 'ಲೋಟೋ' ಎನ್ನುವುದು, ಪ್ರಕಟವಾದದ್ದು 1989ರ ಸೆಪ್ಟೆಂಬರ್ 1ರಂದು. ಜಾರಿಗೆ ಬಂದದ್ದು 1990ರ ಜನವರಿ 2ರಂದು. ಸ್ಫೋಟ ಇವೆರಡರ ನಡುವೆ ಬಿತ್ತು. ನಿಯಮ ಮೊದಲೇ ಜಾರಿಗೆ ಬಂದಿದ್ದರೆ ಸ್ಫೋಟ ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕಂಪನಿಯ ಸ್ವಂತ ನಿಯಮವನ್ನೇ ಸಡಿಲ ಮಾಡಿಕೊಂಡವರು ಸರ್ಕಾರದ್ದನ್ನು ಹೇಗೆ ಓದಿಕೊಳ್ಳುತ್ತಿದ್ದರೋ.

ಆದರೆ ಆ ನಿಯಮದ ತಿರುಳು ಈ ಪ್ರಕರಣದ ಹುಳುಕನ್ನು ನೇರ ಮುಟ್ಟುತ್ತದೆ. ಬೀಗ ಹಾಕುವವನು ಕೆಲಸ ಮಾಡುವವನೇ ಆಗಿರಬೇಕು, ಕೀಲಿ ಅವನ ಹತ್ತಿರವೇ ಇರಬೇಕು. ಹತ್ತು ಜನ ಕೆಲಸ ಮಾಡಿದರೆ ಹತ್ತು ಬೀಗ. ಪಸಡೀನಾದಲ್ಲಿ ವಾಲ್ವ್ ಮುಚ್ಚಿ ಒಪ್ಪಿಸುವುದು ಕಂಪನಿಯ ಆಪರೇಟರ್, ಅದರ ಕೆಳಗೆ ನಿಲ್ಲುವುದು ಕಾಂಟ್ರ್ಯಾಕ್ಟ್ ಕಾರ್ಮಿಕ. ತನ್ನ ತಲೆಯ ಮೇಲಿನ ವಾಲ್ವ್ ತೆರೆಯದಂತೆ ನೋಡಿಕೊಳ್ಳಲು ಆ ಕಾರ್ಮಿಕನ ಕೈಯಲ್ಲಿ ಏನೂ ಇರಲಿಲ್ಲ.

ನಮ್ಮೂರಿನ ಹಳೆಯ ಎಲೆಕ್ಟ್ರಿಷಿಯನ್‌ಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇನ್ ಆಫ್ ಮಾಡಿ ಸುಮ್ನೆ ಬರುವುದಿಲ್ಲ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಏಣಿ ಹತ್ತುತ್ತಾರೆ. ಲೈನ್‌ಮನ್‌ಗಳ 'ಎಲ್‌ಸಿ' ಕೂಡ ಇದೇ. ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯಬೇಕು, ಕಂಬ ಹತ್ತುವ ಮೊದಲು ಲೈನ್ ಸತ್ತಿದೆಯೇ ಎಂದು ನೋಡಬೇಕು, ಎರಡೂ ಕಡೆ ಅರ್ತ್ ಮಾಡಬೇಕು, ಎಲ್‌ಸಿ ಪಡೆದವನೇ ಅದನ್ನು ವಾಪಸ್ ಕೊಡಬೇಕು. ಅರ್ತ್ ಮಾಡುವುದು ಪೈಪಿನ ಬ್ಲೈಂಡಿಗೆ ಸಮ. ಫೋನಿನಲ್ಲಿ ಎಲ್‌ಸಿ ಸಿಕ್ಕಿತು ಎಂದು ಅರ್ತ್ ಮಾಡದೆ ಹತ್ತಿದವರು ಪಕ್ಕದ ಮನೆಯ ಜನರೇಟರಿನಿಂದ ಹಿಮ್ಮುಖವಾಗಿ ಬಂದ ಕರೆಂಟಿಗೆ ಬಲಿಯಾಗಬಹುದು. ಅಲ್ಲೂ ಆಪರೇಟರ್ ಹೇಳಿದ್ದು ಸುಳ್ಳಲ್ಲ. ಅವನು ಆಫ್ ಮಾಡಿದ್ದು ತನಗೆ ಗೊತ್ತಿದ್ದ ಮೂಲವನ್ನು ಮಾತ್ರ.

ಆಮೇಲೆ

ಓಷಾ ಫಿಲಿಪ್ಸ್ ಮೇಲೆ ಸುಮಾರು 56 ಲಕ್ಷ ಡಾಲರ್, ಕಾಂಟ್ರ್ಯಾಕ್ಟ್ ಕಂಪನಿಯ ಮೇಲೆ 7 ಲಕ್ಷಕ್ಕೂ ಹೆಚ್ಚು ಡಾಲರ್ ದಂಡ ಪ್ರಸ್ತಾಪಿಸಿತು. 1991ರಲ್ಲಿ ಫಿಲಿಪ್ಸ್ 40 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಆಸ್ತಿ ನಷ್ಟವೇ 70 ಕೋಟಿ ಡಾಲರಿಗೂ ಜಾಸ್ತಿ. ಇದರ ಮುಂದೆ ಎರಡನೇ ವಾಲ್ವಿನ ಬೆಲೆ ಲೆಕ್ಕ ಹಾಕಿ ನೋಡಿ.

ಅಪಾಯಕಾರಿ ರಾಸಾಯನಿಕ ಬಳಸುವ ಕಾರ್ಖಾನೆಗಳಿಗೆ 1992ರ ಫೆಬ್ರವರಿಯಲ್ಲಿ ಓಷಾ ಹೊಸ ನಿಯಮ ತಂದಿತು. ಮೇಂಟೆನೆನ್ಸ್ ಪದ್ಧತಿ, ಕಾಂಟ್ರ್ಯಾಕ್ಟ್ ಕಾರ್ಮಿಕರ ತರಬೇತಿ, ಬದಲಾವಣೆ ಮಾಡುವ ಮೊದಲು ಪರಿಶೀಲನೆ ಎಲ್ಲ ಅದರಲ್ಲಿವೆ. ಆ ನಿಯಮದ ಹಿಂದಿನ ದುರಂತಗಳ ಸಾಲಿನಲ್ಲಿ ನಮ್ಮ ಭೋಪಾಲದ ಹೆಸರೂ ಇದೆ.

ಅದೇ ಪಸಡೀನಾ ಕಾರ್ಖಾನೆಯಲ್ಲಿ 1999ರ ಜೂನ್‌ನಲ್ಲಿ ಮತ್ತೆ ಇಬ್ಬರು, 2000ದ ಮಾರ್ಚ್‌ನಲ್ಲಿ ಒಬ್ಬರು ಸತ್ತರು. 2000ದ ಸ್ಫೋಟದಲ್ಲಿ 71 ಮಂದಿ ಗಾಯಗೊಂಡರು. ಆಗ ಸಿಡಿದದ್ದು ಬಳಕೆಯಲ್ಲಿ ಇಲ್ಲದ, ಸ್ವಚ್ಛ ಮಾಡಲೆಂದು ನಿಲ್ಲಿಸಿದ್ದ ಟ್ಯಾಂಕ್. ಒಳಗೆ ಉಳಿದಿದ್ದ ಬ್ಯುಟಾಡೈಈನ್ ಎನ್ನುವ ರಾಸಾಯನಿಕ ತಾನೇ ತಾನಾಗಿ ಬಿಸಿಯೇರಿತು.

ನಮ್ಮ ಕಾನೂನಿನ ಮಾತನ್ನೂ ಹೇಳಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಮಿನಲ್ಲಿ, ಆಫ್‌ನಿಂದ ಆನ್‌ಗೆ ತಾನಾಗಿ ಜಾರಬಹುದಾದ ಸ್ವಿಚ್ಚನ್ನು ಸುರಕ್ಷಿತ ಸ್ಥಿತಿಯಲ್ಲಿ ಲಾಕ್ ಮಾಡುವ ಏರ್ಪಾಡು ಇರಬೇಕು ಎಂದಿತ್ತು. 37ನೇ ಕಲಮು ಪಸಡೀನಾಕ್ಕೆಂದೇ ಬರೆದಂತಿತ್ತು. ಒತ್ತಡದಲ್ಲಿರುವ ಉರಿಯುವ ಅನಿಲದ ಪೈಪಿನ ಬೋಲ್ಟ್ ಸಡಿಲಿಸುವ ಮೊದಲು ಸ್ಟಾಪ್ ವಾಲ್ವ್ ಅಥವಾ ಬೇರೆ ವಿಧಾನದಿಂದ ಹರಿವನ್ನು ಪರಿಣಾಮಕಾರಿಯಾಗಿ ನಿಲ್ಲಿಸಬೇಕು, ಒತ್ತಡ ಇಳಿಸಬೇಕು, ಮತ್ತೆ ಬೋಲ್ಟ್ ಬಿಗಿಯುವವರೆಗೂ ಅನಿಲ ಒಳಗೆ ಬಾರದಂತೆ ತಡೆಯಬೇಕು ಎನ್ನುತ್ತಿತ್ತು. ಮೊದಲ ಭಾಗವನ್ನು ಓದಿ ಒಂದು ವಾಲ್ವ್ ಮುಚ್ಚಿದರೆ ಸಾಕು ಎಂದು ವಾದಿಸಬಹುದಿತ್ತು. ಪಸಡೀನಾದ ಪದ್ಧತಿ ಬರೆದವರೂ ಹಾಗೇ ವಾದಿಸುತ್ತಿದ್ದರೇನೋ. ಕೊನೆಯ ಭಾಗ ಆ ವಾದಕ್ಕೆ ಅಡ್ಡ ಬರುತ್ತಿತ್ತು. ಬೋಲ್ಟ್ ಬಿಗಿಯುವವರೆಗೂ, ಅಂದರೆ ಊಟಕ್ಕೆ ಹೋಗಿ ಬಂದ ಮೇಲೂ, ಆಪರೇಟರನ್ನು ಕರೆಯಲು ಹೋದಾಗಲೂ.

ಬೈಕಂಪಾಡಿಯಿಂದ ಬೊಮ್ಮಸಂದ್ರದವರೆಗೆ ಯಾವ ಕಾರ್ಖಾನೆಯಲ್ಲಿ ಸೇಫ್ಟಿ ಆಡಿಟ್ ಮಾಡಿದರೂ ನಾನು ಮೊದಲು ಕೇಳುವುದು ಕೆಲಸಕ್ಕೆ ಅನುಮತಿ ಬರೆದುಕೊಡುವ ಪರ್ಮಿಟ್ ಪುಸ್ತಕವನ್ನಲ್ಲ. 'ಈ ಕೆಲಸಕ್ಕೆ ಬೇರೆ ಪದ್ಧತಿ ಇದೆ ಸಾರ್' ಎಂದು ಹೇಳುವ ಕೆಲಸಗಳು ಯಾವುವು, ಅವುಗಳ ಪಟ್ಟಿ ಕೊಡಿ ಎನ್ನುತ್ತೇನೆ. ಆ ಪಟ್ಟಿಯ ಒಂದೊಂದು ಕೆಲಸವನ್ನೂ ಕಂಪನಿಯ ಮೂಲ ನಿಯಮದ ಪಕ್ಕ ಇಟ್ಟು, ಏನೇನು ಬಿಟ್ಟಿದ್ದಾರೆ ಎಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದರೆ, ಪ್ಲಾಂಟಿನಲ್ಲಿ ಎಲ್ಲಿಗೆ ಮೊದಲು ಹೋಗಬೇಕು ಎನ್ನುವುದು ತಿಳಿಯುತ್ತದೆ.